ಗೇರ್‌ಬಾಕ್ಸ್ ಟನಲ್‌ನ ಬಿಸಿ ಮತ್ತು ಸದ್ದು: ಹಾಳೆ ಕೊಳ್ಳುವ ಮುನ್ನ, ಕೊಂಡ ಮೇಲೆ

ಹಳೆಯ ಜೀಪು, ಜಿಪ್ಸಿ, ಬೊಲೆರೊ, ಅಂಬಾಸಿಡರ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. ಒಂದು ಗಂಟೆ ಓಡಿಸಿದರೆ ಎಡಗಾಲಿನ ಮೀನಖಂಡ ಬೇಯುತ್ತದೆ, ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುವುದಿಲ್ಲ, ಬಿಸಿ, ಸದ್ದು ತಡೆಯಲು ನೆಲಕ್ಕೆ ಯಾವ ಹಾಳೆ ಅಂಟಿಸಬೇಕು? ಹಾಳೆಯ ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಸಾವಿರಾರು ರೂಪಾಯಿ ಸುರಿದು ಹಾಳೆ ಅಂಟಿಸಿದರೂ ಬಿಸಿ ಮೊದಲಿನಂತೆಯೇ ಉಳಿದ ಗಾಡಿಗಳು ಬೇಕಾದಷ್ಟಿವೆ. ಹಾಳೆ ಈ ಕೆಲಸದ ಕೊನೆಯ ಪಾಲು. ಅದಕ್ಕೂ ಮುಂಚೆ ಗಾಡಿಯ ಅಡಿಯಲ್ಲಿರುವ ದೋಷ ಹುಡುಕಬೇಕು, ತೂತು ಮುಚ್ಚಬೇಕು. ಈ ಎರಡನ್ನು ಸರಿಯಾಗಿ ಮಾಡಿದವರಲ್ಲಿ ಕೆಲವರಿಗೆ ಹಾಳೆಯ ಅಗತ್ಯವೇ ಬೀಳುವುದಿಲ್ಲ.

ಟನಲ್ ಎಂದರೆ ಮುಂದಿನ ಎರಡು ಸೀಟುಗಳ ನಡುವೆ ನೆಲ ಉಬ್ಬಿಕೊಂಡು ಹಿಂದಕ್ಕೆ ಸಾಗುವ ಭಾಗ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಿ ಇದರ ಅಡಿಯಲ್ಲಿ ಗೇರ್‌ಬಾಕ್ಸ್, ಅಲ್ಲಿಂದ ಹಿಂದಕ್ಕೆ ತಿರುಗುತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹತ್ತಿರದಲ್ಲೇ ಸೈಲೆನ್ಸರ್ ಪೈಪು ಇರುತ್ತವೆ. ಎಂಜಿನ್ನಿನ ಬಿಸಿಗಾಳಿಯೂ ಓಡುವಾಗ ಇದೇ ದಾರಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ನಮ್ಮಲ್ಲಿ ಚಾಲಕನ ಸೀಟು ಬಲಕ್ಕಿರುವುದರಿಂದ ಸುಡುವುದು ಅವನ ಎಡಗಾಲು. ಮಾರುತಿ 800, ಸ್ವಿಫ್ಟ್‌ನಂಥ ಮುಂಚಕ್ರದ ಕಾರುಗಳ ಟನಲ್‌ನಲ್ಲಿ ಗೇರ್‌ಬಾಕ್ಸ್ ಇರುವುದಿಲ್ಲ, ಸೈಲೆನ್ಸರ್ ಪೈಪಷ್ಟೇ ಇರುತ್ತದೆ. ಅಂಥವರು ಕೆಳಗೆ ಗೇರ್‌ಬಾಕ್ಸ್ ಕುರಿತು ಬರುವ ಮಾತನ್ನು ದಾಟಿಕೊಂಡು ಹೋಗಬಹುದು.

ಇನ್ನೊಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಬಿಸಿ ಬೇರೆ, ಸದ್ದು ಬೇರೆ. ಸದ್ದಿನಲ್ಲೂ ತಗಡು ನಡುಗಿ ಬರುವುದು ಬೇರೆ, ಗಾಳಿಯಲ್ಲಿ ಸಾಗಿ ಬರುವುದು ಬೇರೆ. ಈ ಮೂರಕ್ಕೂ ಒಂದೇ ಹಾಳೆ ಸಾಕು ಎಂದು ಹೇಳುವ ಅಂಗಡಿಯವನು ಮಾರಾಟದಲ್ಲಿ ಜಾಣ, ಅಷ್ಟೇ.

ಏನೇನು ಬೇಕು

ನಡುಕ ತಡೆಯಲು ಬ್ಯುಟೈಲ್ ಡ್ಯಾಂಪಿಂಗ್ ಹಾಳೆ: ಕಪ್ಪು ರಬ್ಬರಿನ ಅಂಟು, ಮೇಲೆ ಅಲ್ಯೂಮಿನಿಯಂ ಪದರ, ದಪ್ಪ 2 ಮಿ.ಮೀ. ಬಿಸಿ ಹಾಗೂ ಸದ್ದಿನ ದಾರಿಗೆ ಅಡ್ಡವಾಗಿ 6ರಿಂದ 10 ಮಿ.ಮೀ. ದಪ್ಪದ ಕ್ಲೋಸ್ಡ್ ಸೆಲ್ ಫೋಮ್, ಅಂದರೆ ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿದ್ದು ನೀರು ಹೀರದ ಫೋಮ್. ನೈಟ್ರೈಲ್ ರಬ್ಬರಿನದು ಒಳ್ಳೆಯದು. ಎ.ಸಿ. ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಫೋಮ್ ಇದೇ ಜಾತಿಯದು. ಕೆಳಗಡೆಗೆ 0.5ರಿಂದ 1 ಮಿ.ಮೀ. ಅಲ್ಯೂಮಿನಿಯಂ ತಗಡು, ಸ್ಟೇನ್‌ಲೆಸ್ ಬೋಲ್ಟು, ವಾಷರ್. ತೂತು ಮುಚ್ಚಲು ರಬ್ಬರ್ ಗ್ರೊಮೆಟ್‌ಗಳು (ವೈರು ದಾಟುವ ತೂತಿಗೆ ಕೂರಿಸುವ ಬಳೆ), ಪಾಲಿಯುರೆಥೇನ್ ಸೀಲಂಟ್, ಹೆಚ್ಚು ಬಿಸಿ ತಡೆಯುವ ಕೆಂಪು ಸಿಲಿಕೋನ್. ಜೊತೆಗೆ ಸಾಕೆಟ್ ಸೆಟ್, ಕಟರ್, ಚಿಕ್ಕ ರೋಲರ್, ವೈರ್ ಬ್ರಷ್, ಪ್ರೈಮರ್, ಗಟ್ಟಿ ಕೈಗವಸು. ಅಲ್ಯೂಮಿನಿಯಂ ಪದರದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಗವಸು ಬೇಡವೆಂದವರ ಬೆರಳು ಅರ್ಧ ಗಂಟೆಯಲ್ಲಿ ಉತ್ತರ ಹೇಳುತ್ತದೆ.

ಬೆಂಗಳೂರಿನವರಿಗೆ ಇವೆಲ್ಲ ಜೆ.ಸಿ. ರಸ್ತೆಯ ಸುತ್ತಮುತ್ತ ಸಿಗುತ್ತವೆ. ಕೊಳ್ಳುವಾಗ ಹಾಳೆಯ ಒಂದು ತುಂಡನ್ನು ಮೂಸಿ ನೋಡಿ. ಡಾಂಬರಿನ ವಾಸನೆ ಬಂದರೆ ಬೇಡ. ಡಾಂಬರಿನ ಹಾಳೆ ಅಗ್ಗ, ಆದರೆ ಟನಲ್‌ನ ಬಿಸಿಗೆ ಮೆತ್ತಗಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ಗಾಡಿಯೊಳಗೆಲ್ಲ ರಸ್ತೆ ಹಾಕುವ ವಾಸನೆ. ಫೋಮ್ ಕೊಳ್ಳುವಾಗ ವಾಹನದ ಒಳಭಾಗದ ವಸ್ತುಗಳು ಬೆಂಕಿ ಹಿಡಿಯುವ ಬಗ್ಗೆ ಇರುವ ಭಾರತೀಯ ಮಾನದಂಡ ಐಎಸ್ 15061ಕ್ಕೆ ಹೊಂದುತ್ತದೆಯೇ ಎಂದು ಕೇಳಿ. ಪ್ಯಾಕಿಂಗ್‌ನಲ್ಲಿ ಬರುವ ಬಿಳಿ ಫೋಮ್, ಥರ್ಮೊಕೋಲ್, ಹಾಸಿಗೆಯ ಸ್ಪಂಜು ಇವನ್ನು ಗಾಡಿಯ ಹತ್ತಿರವೂ ತರಬೇಡಿ.

ಹಂತ 1: ದೋಷ ಎಲ್ಲಿದೆ, ನೋಡಿ

ಇದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಿ. ಗೇರ್‌ಬಾಕ್ಸಿನಿಂದ ಗೊರಗೊರ ಸದ್ದಿದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ಬೇರಿಂಗ್ ಸವೆದಿರಬಹುದು. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನು ಅನುಮಾನಿಸಿ. ನಿಂತಲ್ಲೇ ಎಕ್ಸಿಲರೇಟರ್ ಕೊಟ್ಟಾಗ ನೆಲವೆಲ್ಲ ನಡುಗಿದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗಿನ ರಬ್ಬರ್ ಕುಸಿದಿರಬಹುದು. ಓಡುವಾಗ ಗೇರು ಯಾವುದೇ ಇರಲಿ, ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆ ಇದ್ದರೆ ಪ್ರೊಪೆಲ್ಲರ್ ಶಾಫ್ಟಿನ ಯು.ಜೆ. ಕ್ರಾಸ್ (ಶಾಫ್ಟ್ ಬಾಗುತ್ತ ತಿರುಗಲು ಬಿಡುವ ಕೀಲು), ಮಧ್ಯದ ಬೇರಿಂಗ್ ಇದ್ದರೆ ಅದು, ಇಲ್ಲವೇ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ) ಅನುಮಾನಕ್ಕೆ ಬರುತ್ತವೆ. ಇವುಗಳಲ್ಲಿ ಯಾವುದನ್ನೂ ಹಾಳೆ ಗುಣಪಡಿಸುವುದಿಲ್ಲ, ಮರೆಮಾಡುತ್ತದೆ. ಸವೆದ ಕ್ರಾಸಿನ ಸದ್ದು ನಿಮಗೆ ಕೇಳಿಸುತ್ತಿರುವುದೇ ಒಳ್ಳೆಯದು.

ಬಿಸಿಗೂ ಹೀಗೆಯೇ. ಹೀಟರ್ ಇರುವ ಗಾಡಿಯಾದರೆ ಅದರ ವಾಲ್ವ್ ಪೂರ್ತಿ ಮುಚ್ಚುತ್ತಿದೆಯೇ ನೋಡಿ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಿಸಿನೀರು ಸದಾ ಹರಿಯುತ್ತಿದ್ದರೆ ಟನಲ್‌ಗೆ ಸುಮ್ಮನೆ ಕೆಟ್ಟ ಹೆಸರು. ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ಕಡಿಮೆಯಾಗಿದ್ದರೂ ಬಿಸಿ, ಸದ್ದು ಎರಡೂ ಏರುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೈಲೆನ್ಸರ್ ಸೋರಿಕೆ. ಎಂಜಿನ್ ತಣ್ಣಗಿದ್ದಾಗ ಪೈಪಿನ ಜಾಯಿಂಟುಗಳನ್ನು ಟಾರ್ಚ್ ಹಿಡಿದು ನೋಡಿ. ಕಪ್ಪು ಮಸಿ ಕಿರಣದಂತೆ ಹರಡಿದ್ದರೆ ಅಲ್ಲಿ ಸಂದು ಮುಚ್ಚುವ ಪ್ಯಾಕಿಂಗ್ ಹೋಗಿದೆ. ಈ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಟನಲ್‌ನ ತೂತಿನ ಮೂಲಕ ಒಳಬಂದರೆ ಮೊದಲು ತಲೆನೋವು, ಮಂಪರು, ಆಮೇಲೆ ಪ್ರಾಣಕ್ಕೇ ಕುತ್ತು. ಕಿಟಕಿ ಏರಿಸಿ ಎ.ಸಿ. ಹಾಕಿಕೊಂಡು ಓಡಿಸುವವರಿಗೆ ಅಪಾಯ ಇನ್ನೂ ಹೆಚ್ಚು. ಇದನ್ನು ಸರಿಪಡಿಸದೆ ಮುಂದಿನ ಹಂತಕ್ಕೆ ಹೋಗಲೇಬಾರದು.

ಹಂತ 2: ಈಗಿನ ಸ್ಥಿತಿಯನ್ನು ಅಳೆದಿಡಿ

ಮುಂದೆ ಹೋಲಿಸಲು ಒಂದು ಲೆಕ್ಕ ಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಅಗ್ಗ. ಪರಿಚಿತ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಗೇರ್ ಲಿವರಿನ ಬುಡ, ಟನಲ್‌ನ ಎರಡೂ ಪಕ್ಕ, ಕ್ಲಚ್ ಪೆಡಲಿನ ಬಳಿಯ ನೆಲ, ಈ ಜಾಗಗಳ ಉಷ್ಣತೆ ಬರೆದುಕೊಳ್ಳಿ. ಹೊರಗಿನ ಉಷ್ಣತೆಯನ್ನೂ ಜೊತೆಗೆ ಬರೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ತಪ್ಪು ಲೆಕ್ಕ ತೋರಿಸುತ್ತದೆ, ಬಿಸಿಯಿದ್ದರೂ ತಣ್ಣಗಿದೆ ಎನ್ನುತ್ತದೆ. ಅಂಥಲ್ಲಿ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ. ಹಾಳೆ ಮಾರುವವರು ಮಿರಮಿರ ಹೊಳೆಯುವ ಮೇಲ್ಮೈಗೆ ಇದನ್ನು ಹಿಡಿದು ತೋರಿಸಿದರೆ ಮರುಳಾಗಬೇಡಿ.

ಹಂತ 3: ಒಳಭಾಗ ಬಿಚ್ಚಿ

ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಕೈ ಹಾಕಿ, ಹಳದಿ ಬಣ್ಣದ ವೈರ್ ಕನೆಕ್ಟರ್‌ಗಳನ್ನು ಎಳೆದಾಡಬೇಡಿ. ಮುಂದಿನ ಸೀಟು, ನಡುವಿನ ಕನ್ಸೋಲ್, ಗೇರ್ ಬೂಟ್ (ಲಿವರಿನ ಬುಡಕ್ಕೆ ತೊಡಿಸಿದ ಚೀಲದಂಥ ಹೊದಿಕೆ), ಕಾರ್ಪೆಟ್ ತೆಗೆಯಿರಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡಿ.

ಎಷ್ಟೋ ಗಾಡಿಗಳಲ್ಲಿ ಕಾರ್ಪೆಟ್ಟಿನ ಅಡಿಯಲ್ಲಿ ಸೆಣಬಿನ ಹಾಸು ಇರುತ್ತದೆ. ಕೈಯಲ್ಲಿ ಹಿಂಡಿ ನೋಡಿ. ಮಲೆನಾಡಿನ ಗಾಡಿಗಳಲ್ಲಿ ಮಳೆಗಾಲ ಮುಗಿದು ತಿಂಗಳುಗಳಾದರೂ ಅದರಲ್ಲಿ ತೇವ ಉಳಿದಿರುತ್ತದೆ. ಅಂಗಡಿಯಲ್ಲಿ ಹಾಕಿಸಿದ ರೆಕ್ಸಿನ್ ಮ್ಯಾಟಿಂಗ್ ಇನ್ನೂ ಕೆಟ್ಟದ್ದು: ಮೇಲಿಂದ ನೀರು ಇಳಿಯುತ್ತದೆ, ಕೆಳಗಿಂದ ಆರುವುದಿಲ್ಲ. ಅದನ್ನು ಎತ್ತಿದಾಗ ನೆಲದ ತಗಡು ಪದರ ಪದರವಾಗಿ ಎದ್ದು ಬಂದರೆ, ಮೊದಲು ಟಿಂಕರಿಂಗ್ ಕೆಲಸದವರನ್ನು ಕಾಣಿ. ಈ ಕಾರಣಕ್ಕೇ ಇಡೀ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ ಇಟ್ಟುಕೊಳ್ಳಿ.

ಹಂತ 4: ತೂತು ಹುಡುಕಿ, ಮುಚ್ಚಿ

ಕತ್ತಲಾದ ಮೇಲೆ ಗಾಡಿಯ ಅಡಿಯಲ್ಲಿ ಪ್ರಖರವಾದ ಟಾರ್ಚ್ ಇಟ್ಟು, ಟನಲ್ ಕಡೆಗೆ ಬೆಳಕು ಬೀಳುವಂತೆ ಮಾಡಿ. ಒಳಗೆ ಕುಳಿತು ಎಲ್ಲ ದೀಪ ಆರಿಸಿ ನೋಡಿ. ಲಿವರಿನ ಸುತ್ತ ಉಂಗುರದಂಥ ಬೆಳಕು, ಹ್ಯಾಂಡ್‌ಬ್ರೇಕ್ ಕೇಬಲ್ ದಾಟುವಲ್ಲಿ ಒಂದು ಗೆರೆ, ಯಾವ ಕಾಲದಲ್ಲೋ ಮ್ಯೂಸಿಕ್ ಸಿಸ್ಟಂನವನು ಕೊರೆದು ಹಾಗೇ ಬಿಟ್ಟ ತೂತು, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಬೆಳಕು ಬರುವಲ್ಲಿ ಬಿಸಿಗಾಳಿಯೂ ಬರುತ್ತದೆ, ಸದ್ದೂ ಬರುತ್ತದೆ. ಸೀಮೆಸುಣ್ಣದಿಂದ ಒಂದೊಂದನ್ನೂ ಗುರುತು ಮಾಡಿ.

ದೊಡ್ಡ ಅಪರಾಧಿ ಸಾಮಾನ್ಯವಾಗಿ ಗೇರ್ ಲಿವರಿನ ಒಳಗಿನ ರಬ್ಬರ್ ಬೂಟ್. ಮೇಲೆ ಕಾಣುವ ಚರ್ಮ ಅಥವಾ ರೆಕ್ಸಿನ್ನಿನ ಬೂಟ್ ಅಲಂಕಾರಕ್ಕೆ. ಗಾಳಿ ತಡೆಯುವುದು ಅದರ ಕೆಳಗೆ ತಗಡಿಗೆ ಸ್ಕ್ರೂ ಹಾಕಿ ಕೂರಿಸಿದ ರಬ್ಬರಿನದು. ಜಿಪ್ಸಿಯ ಸಾರ್ವಜನಿಕ ಮಾರಾಟ 2019ರಲ್ಲಿ ನಿಂತಿತು, ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಅಂದರೆ ಗಾಡಿಯೊಂದಿಗೆ ಬಂದ ರಬ್ಬರಿಗೆ ಇಷ್ಟರಲ್ಲಿ ವಯಸ್ಸಾಗಿದೆ. ಮಡಿಕೆಗಳನ್ನು ಬೆರಳಿಂದ ಬಿಡಿಸಿ ನೋಡಿ, ಬಿರುಕು ಮಡಿಕೆಯ ಒಳಗೇ ಅಡಗಿರುತ್ತದೆ. ಫೋರ್‌ವ್ಹೀಲ್ ಗಾಡಿಯಾದರೆ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಲಿವರಿಗೂ ಬೂಟ್ ಇದೆ, ಮರೆಯಬೇಡಿ. ಹೊಸ ರಬ್ಬರಿಗೆ ಕೊಡುವ ದುಡ್ಡು ಈ ಲೇಖನದಲ್ಲಿ ಹೇಳುವ ಯಾವ ಖರ್ಚಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಹಳೆಯ ಜೀಪುಗಳಲ್ಲಿ ಗೇರ್‌ಬಾಕ್ಸಿನ ಮೇಲಿನ ತಗಡನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದು. ಅದರ ಅಂಚಿನ ಸುತ್ತ ಫೋಮ್ ಟೇಪ್ ಅಂಟಿಸಿ ಮತ್ತೆ ಬಿಗಿ ಮಾಡಿ. ಅಂಚನ್ನು ಸೀಲಂಟ್ ಹಾಕಿ ಶಾಶ್ವತವಾಗಿ ಮುಚ್ಚಿದರೆ ಮುಂದೆ ಗೇರ್‌ಬಾಕ್ಸ್ ಕೆಲಸಕ್ಕೆ ಬಂದ ಮೆಕ್ಯಾನಿಕ್ ನಿಮ್ಮನ್ನು ಚೆನ್ನಾಗಿ ನೆನೆಯುತ್ತಾನೆ.

ವೈರು ದಾಟುವಲ್ಲಿ ಗ್ರೊಮೆಟ್, ದೊಡ್ಡ ತೂತಿಗೆ ತಗಡಿನ ತುಂಡು ರಿವೆಟ್ ಮಾಡಿ ಸುತ್ತ ಸೀಲಂಟ್, ಸೈಲೆನ್ಸರಿಗೆ ಹತ್ತಿರವಿದ್ದಲ್ಲಿ ಕೆಂಪು ಸಿಲಿಕೋನ್. ಹಚ್ಚುವಾಗ ವಿನೆಗರಿನಂಥ ಹುಳಿ ವಾಸನೆ ಬರುವ ಸಿಲಿಕೋನ್ ಬರಿ ಉಕ್ಕಿನ ಮೇಲೆ ತುಕ್ಕು ಎಬ್ಬಿಸುತ್ತದೆ, ಬಣ್ಣವಿರುವ ಮೇಲ್ಮೈಗಷ್ಟೇ ಹಚ್ಚಿ. ಡಬ್ಬಿಯಿಂದ ಉಕ್ಕಿ ಬರುವ ಫೋಮ್ ಸ್ಪ್ರೇ ಬೇಡವೇ ಬೇಡ. ಅದು ಬೇಗ ಬೆಂಕಿ ಹಿಡಿಯುತ್ತದೆ, ತಗಡಿಗೂ ಅದಕ್ಕೂ ನಡುವೆ ನೀರನ್ನು ಹಿಡಿದಿಡುತ್ತದೆ.

ಮುಚ್ಚಬಾರದ್ದೂ ಇವೆ. ನೆಲದಲ್ಲಿ ರಬ್ಬರ್ ಬಿರಡೆ ಹಾಕಿದ ನೀರಿನ ತೂತುಗಳನ್ನು ಹಾಗೇ ಬಿಡಿ. ಗೇರ್‌ಬಾಕ್ಸಿನ ಬ್ರೀದರ್, ಅಂದರೆ ಅದರ ಒಳಗಿನ ಒತ್ತಡ ಹೊರಹೋಗುವ ಸಣ್ಣ ನಳಿಕೆ, ತೆರೆದೇ ಇರಬೇಕು. ಅದು ಕಟ್ಟಿಕೊಂಡರೆ ಎಣ್ಣೆ ಸೀಲುಗಳಿಂದ ಸೋರಲು ಶುರುವಾಗುತ್ತದೆ.

ಹಂತ 5: ಕೆಳಗಿನಿಂದ ಬಿಸಿಯನ್ನು ತಡೆಯಿರಿ

ಬಿಸಿಯನ್ನು ತಗಡಿಗೆ ಮುಟ್ಟುವ ಮುಂಚೆಯೇ ತಡೆಯುವುದು ಜಾಣತನ. ಸೈಲೆನ್ಸರ್ ಪೈಪಿನ ಬಿಸಿ ಬಹುಪಾಲು ವಿಕಿರಣವಾಗಿ ಬರುತ್ತದೆ. ಬೆಂಕಿಯ ಮುಂದೆ ಕುಳಿತಾಗ ಮುಖಕ್ಕೆ ತಾಗುವುದು ಇದೇ. ಸ್ವಚ್ಛ ಅಲ್ಯೂಮಿನಿಯಂ ಇಂಥ ಬಿಸಿಯ ಬಹುತೇಕ ಭಾಗವನ್ನು ಹಿಂದಕ್ಕೆ ಅಟ್ಟುತ್ತದೆ. ಆದರೆ ಒಂದು ಷರತ್ತು: ನೆಲದ ತಗಡಿಗೂ ಅದಕ್ಕೂ ನಡುವೆ ಗಾಳಿಯ ಸಂದು ಇರಬೇಕು. ಅಲ್ಯೂಮಿನಿಯಂ ಒಳ್ಳೆಯ ಉಷ್ಣವಾಹಕ. ಅದನ್ನು ಟನಲ್‌ಗೆ ಒತ್ತಿ ಅಂಟಿಸಿದರೆ ಬಿಸಿಯನ್ನು ಸಲೀಸಾಗಿ ಒಳಕ್ಕೆ ದಾಟಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ.

ಸೈಲೆನ್ಸರ್ ಪೂರ್ತಿ ತಣಿದ ಮೇಲೆ ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ನುಸುಳಬೇಡಿ. ಅಲ್ಯೂಮಿನಿಯಂ ತಗಡನ್ನು ಪೈಪಿನ ಉದ್ದಕ್ಕೆ ಬಾಗಿಸಿ, ಟನಲ್‌ನಿಂದ 10ರಿಂದ 15 ಮಿ.ಮೀ. ಕೆಳಗೆ ನಿಲ್ಲುವಂತೆ ವಾಷರ್ ಅಥವಾ ಲೋಹದ ಬುಶ್ ಕೊಟ್ಟು ಬೋಲ್ಟ್ ಮಾಡಿ. ಪೈಪಿಗೂ ಈ ಅಲ್ಯೂಮಿನಿಯಂ ತಗಡಿಗೂ ಕನಿಷ್ಠ 25 ಮಿ.ಮೀ. ಅಂತರವಿರಲಿ. ಎಂಜಿನ್ ಒದರುವಾಗ ಪೈಪು ಅತ್ತಿತ್ತ ಆಡುತ್ತದೆ. ಡ್ರಿಲ್ ಹಿಡಿಯುವ ಮುಂಚೆ ಬ್ರೇಕ್ ಪೈಪು, ಇಂಧನದ ಪೈಪು, ವೈರುಗಳು ಎಲ್ಲೆಲ್ಲಿ ಹಾದು ಹೋಗಿವೆ ಎಂದು ಮೇಲಿನಿಂದಲೂ ಕೆಳಗಿನಿಂದಲೂ ನೋಡಿ. ಗಾಡಿಯಲ್ಲಿ ಮೊದಲೇ ಇದ್ದ ಶೀಲ್ಡ್ (ಹೀಗೆ ಬಿಸಿ ತಡೆಯುವ ತಗಡು) ತುಕ್ಕು ಹಿಡಿದು ಉದುರಿಹೋಗಿದ್ದರೆ ಅದರ ಬೋಲ್ಟಿನ ಜಾಗಗಳನ್ನೇ ಬಳಸಿ, ಹೊಸ ತೂತು ಬೇಕಾಗುವುದಿಲ್ಲ.

ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವ ಶಾಖನಿರೋಧಕ ಪಟ್ಟಿಯ ಬಗ್ಗೆಯೂ ಕೇಳುತ್ತಾರೆ. ಬಿಸಿ ಕಡಿಮೆ ಮಾಡುತ್ತದೆ, ನಿಜ. ಆದರೆ ನಮ್ಮ ಮಳೆಯಲ್ಲಿ ಅದು ನೀರು ಹಿಡಿದು ಸಾಧಾರಣ ಉಕ್ಕಿನ ಪೈಪನ್ನು ಒಳಗಿಂದೊಳಗೇ ತಿನ್ನಿಸುತ್ತದೆ. ಗೇರ್‌ಬಾಕ್ಸಿನಿಂದ ಎಣ್ಣೆ ತೊಟ್ಟಿಕ್ಕಿ ಅದರಲ್ಲಿ ಇಂಗಿದರೆ ಬೆಂಕಿಯ ಭಯವೂ ಇದೆ. ಎಣ್ಣೆ ಸೋರುವ ಗಾಡಿಗೆ ನಾನಂತೂ ಹೇಳುವುದಿಲ್ಲ.

ಗೇರ್‌ಬಾಕ್ಸಿಗೇ ಹೊದಿಕೆ ಸುತ್ತುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಅದು ತನ್ನ ಮೈಯಿಂದಲೇ ಬಿಸಿ ಕಳೆದುಕೊಳ್ಳಬೇಕು. ಭಾರ ಹೊತ್ತು ಶಿರಾಡಿ ಘಾಟಿಯನ್ನು ಕೆಳಗಿನ ಗೇರಿನಲ್ಲಿ ಹತ್ತುವಾಗ ಹೊದ್ದುಕೊಂಡ ಗೇರ್‌ಬಾಕ್ಸಿನ ಎಣ್ಣೆ ಮಿತಿಮೀರಿ ಕಾಯುತ್ತದೆ.

ಹಂತ 6: ತಗಡು ಸಿದ್ಧಮಾಡಿ

ಹಳೆಯ ಅಂಟು ಕೆರೆಯಿರಿ, ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ, ಪೂರ್ತಿ ಒಣಗಲು ಬಿಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಒರೆಸಿದರೆ ಎಣ್ಣೆಯ ಪದರ ಉಳಿದು ಹಾಳೆ ಹಿಡಿಯುವುದಿಲ್ಲ.

ಹಂತ 7: ಡ್ಯಾಂಪಿಂಗ್ ಹಾಳೆ

ಜಾಗಟೆ ಬಾರಿಸಿ ಅದರ ಮೇಲೆ ಅಂಗೈ ಇಟ್ಟರೆ ಸದ್ದು ಅಡಗುತ್ತದಲ್ಲ, ಈ ಹಾಳೆ ಮಾಡುವುದು ಅಷ್ಟೇ ಕೆಲಸ. ಬಿಸಿಯನ್ನು ಇದು ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ, ಗಾಳಿಯಲ್ಲಿ ಬರುವ ಸದ್ದನ್ನೂ ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಎಲ್ಲಿ ತಗಡು ಮೊಳಗುತ್ತದೋ ಅಲ್ಲಿಗೆ ಮಾತ್ರ ಇದು ಬೇಕು. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಟನಲ್‌ನ ನೆತ್ತಿ ಬಾಗಿರುವುದರಿಂದ ತಾನೇ ಗಟ್ಟಿ, ಟಕ್ ಎನ್ನುತ್ತದೆ. ಅದರ ಎರಡೂ ಪಕ್ಕದ ಚಪ್ಪಟೆ ಭಾಗ, ಕಾಲಿಡುವ ನೆಲ ಢಣ್ ಎನ್ನುತ್ತವೆ. ಹಾಳೆ ಬೇಕಿರುವುದು ಅಲ್ಲಿಗೆ, ಅದೂ ಚಪ್ಪಟೆ ಭಾಗದ ಅರ್ಧದಷ್ಟು ಮುಚ್ಚಿದರೆ ಸಾಕು. ನೂರಕ್ಕೆ ನೂರು ಮುಚ್ಚಿದರೆ ತೂಕ ಏರುತ್ತದೆ, ಚದರ ಮೀಟರಿಗೆ ಸುಮಾರು 3 ಕೆ.ಜಿ.ಯಂತೆ, ಲಾಭ ಅದೇ ಲೆಕ್ಕದಲ್ಲಿ ಏರುವುದಿಲ್ಲ.

ಪತ್ರಿಕೆಯ ಹಾಳೆಯಲ್ಲಿ ಅಳತೆ ಕತ್ತರಿಸಿ, ಅದರಂತೆ ಹಾಳೆ ಕತ್ತರಿಸಿ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ಅಂಟಿಸಿದ ಮೇಲೆ ರೋಲರ್ ಬಲವಾಗಿ ಒತ್ತಿ ಉರುಳಿಸಿ. ಅಲ್ಯೂಮಿನಿಯಂ ಮೇಲಿನ ಉಬ್ಬು ಚಿತ್ತಾರ ಸಪಾಟಾದರೆ ಹಾಳೆ ಹಿಡಿದಿದೆ ಎಂದರ್ಥ. ಚಿತ್ತಾರ ಇನ್ನೂ ಕಾಣುತ್ತಿದ್ದರೆ ಕೆಳಗೆ ಗಾಳಿಯಿದೆ, ಮತ್ತೆ ಉರುಳಿಸಿ.

ಸೀಟ್ ಬೆಲ್ಟ್ ಮತ್ತು ಸೀಟಿನ ಬೋಲ್ಟು ಕೂರುವ ಜಾಗದಲ್ಲಿ ಹಾಳೆ ಬರಬಾರದು. ಅನೇಕ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಪೆಟ್ಟಿಗೆಯನ್ನು ಟನಲ್ ಮೇಲೆಯೇ ಬಿಗಿದಿರುತ್ತಾರೆ. ಡಿಕ್ಕಿಯ ಆಘಾತವನ್ನು ಅಳೆಯಲು ಅದು ನೇರ ಲೋಹದ ಮೇಲೆಯೇ ಕೂರಬೇಕು. ಅದನ್ನು ಬಿಚ್ಚಲೂಬೇಡಿ, ಅದರ ಅಡಿಗೆ ಏನನ್ನೂ ತೂರಿಸಲೂಬೇಡಿ.

ಹಂತ 8: ಫೋಮ್, ಬೇಕಿದ್ದರೆ ಭಾರದ ವಿನೈಲ್

ಡ್ಯಾಂಪಿಂಗ್ ಹಾಳೆಗೆ ಅನ್ವಯಿಸಿದ ಲೆಕ್ಕ ಇಲ್ಲಿ ತಲೆಕೆಳಗು. ಫೋಮ್ ಟನಲ್ ಮತ್ತು ನೆಲವನ್ನು ಸಂದಿಲ್ಲದೆ ಪೂರ್ತಿ ಮುಚ್ಚಬೇಕು. ತುಂಡುಗಳು ಸೇರುವಲ್ಲಿ ಟೇಪ್ ಹಾಕಿ. ಕಾಲಿಗೆ ತಾಗುತ್ತಿದ್ದ ಬಿಸಿಯಲ್ಲಿ ವ್ಯತ್ಯಾಸ ಗೊತ್ತಾಗುವುದು ಈ ಹಂತದಲ್ಲಿ.

ಇಷ್ಟಾದ ಮೇಲೂ ಗೇರ್‌ಬಾಕ್ಸಿನ ಸದ್ದು ಸಾಕೆನ್ನುವಷ್ಟು ತಗ್ಗದಿದ್ದರೆ ಫೋಮ್ ಮೇಲೆ ಭಾರದ ವಿನೈಲ್ ಹಾಳೆ ಹಾಸಬಹುದು. ಚದರ ಮೀಟರಿಗೆ ಸುಮಾರು 5 ಕೆ.ಜಿ. ತೂಗುವ ಈ ಹಾಳೆ ತನ್ನ ತೂಕದಿಂದಲೇ ಸದ್ದನ್ನು ತಡೆಯುತ್ತದೆ. ಇದನ್ನು ತಗಡಿಗೆ ಅಂಟಿಸಬಾರದು, ಫೋಮ್ ಮೇಲೆ ಸಡಿಲವಾಗಿ ಮಲಗಿರಬೇಕು. ತೆರೆದ ಜೀಪಿಗೆ ಇದು ದಂಡ: ಟಾರ್ಪಾಲಿನ್ ಬಡಿಯುವ ಸದ್ದಿನಲ್ಲಿ ಟನಲ್‌ನ ಸದ್ದು ಹುಡುಕಿದರೂ ಸಿಗದು.

ಹಂತ 9: ಜೋಡಿಸುವಾಗ

ನೆಲ ಈಗ 8ರಿಂದ 15 ಮಿ.ಮೀ. ಎತ್ತರವಾಗಿದೆ. ಕನ್ಸೋಲಿನ ಹಳೆಯ ಸ್ಕ್ರೂ ಚಿಕ್ಕದಾಗಬಹುದು. ಉದ್ದದ್ದು ಹಾಕುವಾಗ ತುದಿ ಕೇಬಲಿಗೆ ತಾಗದಂತೆ ನೋಡಿ. ಎಲ್ಲ ಗೇರುಗಳನ್ನೂ, ರಿವರ್ಸ್ ಸೇರಿದಂತೆ, ಒಮ್ಮೆ ಹಾಕಿ ತೆಗೆಯಿರಿ. ಲಿವರ್ ಫೋಮಿಗೆ ಒರಗಿದರೆ ಓಡುವಾಗ ಗೇರ್ ತಾನೇ ಜಾರಬಹುದು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಯುತ್ತದೆಯೇ ನೋಡಿ. ಮೂರೂ ಪೆಡಲುಗಳನ್ನು ಕೈಯಿಂದ ಕೊನೆಯವರೆಗೆ ಒತ್ತಿ ಬಿಡಿ. ಕಾರ್ಪೆಟ್ಟಿನ ಅಂಚು ಎಕ್ಸಿಲರೇಟರ್ ಅಡಿಗೆ ಸಿಕ್ಕಿಕೊಂಡರೆ ಅನಾಹುತ. ಸೀಟಿನ ಬೋಲ್ಟುಗಳನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿ.

ಹಂತ 10: ಮತ್ತೆ ಅಳೆಯಿರಿ

ಅದೇ ರಸ್ತೆ, ಅದೇ ಅರ್ಧ ಗಂಟೆ, ಆದಷ್ಟೂ ಅದೇ ಬಿಸಿಲು. ಬರೆದಿಟ್ಟ ಲೆಕ್ಕದ ಪಕ್ಕದಲ್ಲಿ ಹೊಸ ಲೆಕ್ಕ ಬರೆಯಿರಿ. ಒಂದು ಕಡೆ ಮಾತ್ರ ಬಿಸಿ ಉಳಿದಿದ್ದರೆ ಅಲ್ಲೊಂದು ತೂತು ತಪ್ಪಿಹೋಗಿದೆ, ಟಾರ್ಚ್ ತೆಗೆದುಕೊಂಡು ಹಂತ 4ಕ್ಕೆ ಮರಳಿ. ಮೊದಲ ಕೆಲವು ದಿನ ಅಂಟಿನ ವಾಸನೆ ಇದ್ದೇ ಇರುತ್ತದೆ, ಕಿಟಕಿ ತೆರೆದು ಓಡಿಸಿ. ವಾರ ಕಳೆದರೂ ಸುಟ್ಟ ರಬ್ಬರಿನ ವಾಸನೆ ಹೋಗದಿದ್ದರೆ ಸೈಲೆನ್ಸರಿಗೆ ಹತ್ತಿರವಿರುವ ಹಾಳೆ ಬೇಯುತ್ತಿದೆ. ಅದನ್ನು ಕಿತ್ತು, ಕೆಳಗಿನ ಶೀಲ್ಡಿನ ಅಂತರ ಪರೀಕ್ಷಿಸಿ. ಮೊದಲ ದೊಡ್ಡ ಮಳೆ ಬಂದ ಮಾರನೆಯ ದಿನ ಬಾಗಿಲ ಪಕ್ಕದ ಕಾರ್ಪೆಟ್ ಮೂಲೆ ಎತ್ತಿ, ಫೋಮಿನ ಅಡಿಗೆ ಕೈ ತೂರಿಸಿ ನೋಡಿ. ಒದ್ದೆಯಿದ್ದರೆ ಬಾಗಿಲಿನ ಬೀಡಿಂಗ್, ಮುಂಗಾಜಿನ ರಬ್ಬರ್ ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಸರಿಪಡಿಸಿ, ಫೋಮನ್ನು ಹೊರತೆಗೆದು ನೆಲ ಒಣಗಿದ ಮೇಲೆ ಹಾಸಿ.